‘ನೋ’ ಎನ್ನದೆಯೇ ಇಲ್ಲವೆನ್ನುವ ಇಂಗ್ಲಿಷ್: ಕಚೇರಿ, ಕೋರ್ಟು, ವರದಿಗಳಲ್ಲಿ ಕೊರತೆಯ ಭಾಷೆ

ನ್ಯಾಯಾಲಯದ ಆದೇಶದ ಪ್ರತಿ ಈಗ ಕಕ್ಷಿದಾರರ ಮೊಬೈಲಿಗೇ ಬಂದು ಸೇರುತ್ತದೆ. ರಕ್ತಪರೀಕ್ಷೆಯ ವರದಿಯನ್ನು ವೈದ್ಯರಿಗಿಂತ ಮೊದಲು ರೋಗಿಯ ಮನೆಯವರು ತೆರೆದು ನೋಡುತ್ತಾರೆ. ಸಾಲದ ಅರ್ಜಿ ತಿರಸ್ಕಾರವಾದ ಸುದ್ದಿ ಇಮೇಲಿನಲ್ಲಿ ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿರುತ್ತವೆ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಮಟ್ಟಿಗಂತೂ ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಕಲಾಪದ ಭಾಷೆ ಇಂಗ್ಲಿಷೇ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಹಿಂದೆ ವಕೀಲರೋ ವೈದ್ಯರೋ ಬ್ಯಾಂಕಿನ ಗುಮಾಸ್ತರೋ ಓದಿ ಅರ್ಥ ಹೇಳುತ್ತಿದ್ದ ಬರಹವನ್ನು ಇಂದು ನಾವೇ ನೇರವಾಗಿ ಎದುರಿಸಬೇಕಾಗಿದೆ.

ಇಂಥ ಕಾಗದಗಳಲ್ಲಿ ಬಹುತೇಕ ಸಲ ಇರುವ ಸುದ್ದಿ ಒಂದೇ ಬಗೆಯದು: ಏನೋ ಒಂದು ಇಲ್ಲ, ಅಥವಾ ಸಾಲದು. ಆದರೆ ಅದನ್ನು ಹೇಳುವಾಗ ಶಿಷ್ಟ ಇಂಗ್ಲಿಷ್ ‘ನೋ’, ‘ನಾಟ್’ ಎಂಬ ಶಾಲೆಯಲ್ಲಿ ಕಲಿತ ಪದಗಳನ್ನು ಆದಷ್ಟು ಬದಿಗಿಟ್ಟು, ‘ಫಾರ್ ವಾಂಟ್ ಆಫ್’, ‘ಡಿವಾಯ್ಡ್ ಆಫ್’, ‘ಪಾಸಿಟಿ’, ‘ಡೆಫಿಷಿಯನ್ಸಿ’, ‘ಇನ್ ದಿ ಆಬ್ಸೆನ್ಸ್ ಆಫ್’ ಎಂಬ ಮಾತುಗಳನ್ನು ಎತ್ತಿಕೊಳ್ಳುತ್ತದೆ. ಇವೆಲ್ಲವೂ ‘ಇಲ್ಲ’ ಎಂಬುದರ ಅಲಂಕೃತ ರೂಪಗಳು ಎಂದುಕೊಂಡು ಓದಿದರೆ ಬರೆದವರು ಹೇಳಿದ್ದರಲ್ಲಿ ಅರ್ಧ ಭಾಗ ಕೈತಪ್ಪುತ್ತದೆ. ಏಕೆಂದರೆ ಯಾವ ಪದವನ್ನು ಆರಿಸಿದ್ದಾರೆ ಎಂಬುದೇ ಮೂರು ಸಂಗತಿಗಳನ್ನು ತಿಳಿಸುತ್ತದೆ: ಆ ವಸ್ತು ಪೂರ್ತಿ ಇಲ್ಲವೋ ಅಥವಾ ಕಡಿಮೆ ಇದೆಯೋ, ಅದು ಅಲ್ಲಿ ಇರಲೇಬೇಕಾಗಿತ್ತೋ, ಮತ್ತು ಇಲ್ಲದಿರುವುದಕ್ಕೆ ಯಾರಾದರೂ ಹೊಣೆಯೋ.

ಇಲ್ಲ ಬೇರೆ, ಅಲ್ಲ ಬೇರೆ

ಕನ್ನಡಿಗರಿಗೆ ಈ ವಿಷಯದಲ್ಲಿ ಹುಟ್ಟಿನಿಂದಲೇ ಒಂದು ಅನುಕೂಲವಿದೆ. ‘ಮನೆಯಲ್ಲಿ ಹಾಲು ಇಲ್ಲ’ ಎನ್ನುವುದಕ್ಕೂ ‘ಇದು ಹಾಲು ಅಲ್ಲ’ ಎನ್ನುವುದಕ್ಕೂ ನಾವು ಬೇರೆ ಬೇರೆ ಪದ ಬಳಸುತ್ತೇವೆ. ಮೊದಲನೆಯದು ಇರವಿನ ನಿಷೇಧ, ಎರಡನೆಯದು ಗುರುತಿನ ನಿಷೇಧ. ಇಂಗ್ಲಿಷಿನ ‘ನಾಟ್’ ಎರಡಕ್ಕೂ ಒಂದೇ. ‘ನಾನ್’ ಎಂಬ ಉಪಸರ್ಗವೂ ಹಾಗೆಯೇ: ‘ನಾನ್ ಅಗ್ರಿಕಲ್ಚರಲ್ ಲ್ಯಾಂಡ್’ ಎಂದರೆ ಅದು ಕೃಷಿ ಜಮೀನು ಅಲ್ಲ ಎಂದರ್ಥ, ‘ನಾನ್ ಪೇಮೆಂಟ್’ ಎಂದರೆ ಹಣ ಕಟ್ಟಿಲ್ಲ ಎಂದರ್ಥ. ಇಂಗ್ಲಿಷ್ ಕಾಗದದಲ್ಲಿ ನಿಷೇಧದ ಪದ ಕಂಡಾಗ ಮೊದಲು ಇದು ಇಲ್ಲವೋ ಅಲ್ಲವೋ ಎಂದು ಕೇಳಿಕೊಂಡರೆ ಓದು ಅರ್ಧ ಸುಲಭವಾಗುತ್ತದೆ.

ಭಾರತೀಯ ತರ್ಕಶಾಸ್ತ್ರ ಇದನ್ನು ಇನ್ನೂ ಆಳವಾಗಿ ನೋಡಿದೆ. ವೈಶೇಷಿಕ ದರ್ಶನದವರು ಮೊದಲು ಆರು ಪದಾರ್ಥಗಳನ್ನು, ಅಂದರೆ ಇರುವುದೆಲ್ಲವನ್ನೂ ವಿಂಗಡಿಸುವ ಮೂಲ ವರ್ಗಗಳನ್ನು, ಎಣಿಸುತ್ತಿದ್ದರು. ಮುಂದೆ ಬಂದ ಪಂಡಿತರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಅಭಾವ ಎಂದರೆ ಬರೀ ಶೂನ್ಯವಲ್ಲ, ಅದು ಯಾವಾಗಲೂ ಯಾವುದೋ ಒಂದರ ಅಭಾವ ಮತ್ತು ಎಲ್ಲೋ ಒಂದು ಕಡೆ ಇರುವ ಅಭಾವ ಎಂಬುದು ಅವರ ವಾದ. ನೆಲದ ಮೇಲೆ ಗಡಿಗೆಯಿಲ್ಲ ಎಂದಾಗ ಗಡಿಗೆ ಆ ಅಭಾವದ ಪ್ರತಿಯೋಗಿ, ಅಂದರೆ ಯಾವುದು ಇಲ್ಲವೋ ಅದು; ನೆಲ ಅದರ ನೆಲೆ. ಶಿಷ್ಟ ಇಂಗ್ಲಿಷಿನ ಕಟ್ಟಡವೂ ಇದೇ ಜಾಡಿನದು. ‘ಲ್ಯಾಕ್ ಆಫ್’ ಎಂದ ಕೂಡಲೇ ಯಾವುದರ ಕೊರತೆ ಎಂಬುದು ಬರಬೇಕು, ‘ಇನ್’ ಎಂದು ಸೇರಿಸಿ ಎಲ್ಲಿ ಎಂಬುದನ್ನೂ ಹೇಳಬಹುದು.

ತಾರ್ಕಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದರು. ಇನ್ನೂ ಹುಟ್ಟದ ವಸ್ತುವಿನ ಅಭಾವ ಪ್ರಾಗಭಾವ. ಕಚೇರಿ ಪತ್ರದಲ್ಲಿ ‘ರಿಪ್ಲೈ ಅವೇಟೆಡ್’ ಎಂದು ಬರೆದಾಗ ಉತ್ತರ ಇನ್ನೂ ಬಂದಿಲ್ಲ, ಬರಬಹುದು ಎಂಬ ಈ ಬಗೆಯ ‘ಇಲ್ಲ’ವೇ ಅಲ್ಲಿರುತ್ತದೆ. ಇದ್ದು ನಾಶವಾದದ್ದರ ಅಭಾವ ಪ್ರಧ್ವಂಸಾಭಾವ. ‘ಬಿರೆಫ್ಟ್ ಆಫ್’ ಮತ್ತು ‘ಡಿಪ್ರೈವ್ಡ್ ಆಫ್’ ಇದಕ್ಕೆ ಒಪ್ಪುತ್ತವೆ, ಏಕೆಂದರೆ ಎರಡೂ ಮೊದಲು ಇದ್ದು ಕಳೆದುಹೋದ ಅಥವಾ ದಕ್ಕಬೇಕಾಗಿದ್ದು ತಪ್ಪಿಹೋದ ಭಾವವನ್ನು ಹೊತ್ತಿವೆ. ‘ಬಿರೆಫ್ಟ್’ ಎಂಬುದರ ಹಳೆಯ ಇಂಗ್ಲಿಷ್ ಮೂಲದ ಅರ್ಥವೇ ದೋಚಿಸಿಕೊಂಡದ್ದು. ಗಾಳಿಗೆ ಬಣ್ಣವಿಲ್ಲ ಎಂಬಂಥ, ಯಾವ ಕಾಲಕ್ಕೂ ಇಲ್ಲದಿರುವಿಕೆ ಅತ್ಯಂತಾಭಾವ. ‘ಡಿವಾಯ್ಡ್ ಆಫ್’ ಇದರ ಹತ್ತಿರದ್ದು. ಗಡಿಗೆ ಬಟ್ಟೆಯಲ್ಲ ಎಂಬ ಭೇದ ಅನ್ಯೋನ್ಯಾಭಾವ, ಅಂದರೆ ನಮ್ಮ ‘ಅಲ್ಲ’. ಇಂಗ್ಲಿಷ್ ಪದಗಳು ಈ ಪಟ್ಟಿ ನೋಡಿಕೊಂಡು ಹುಟ್ಟಿದವಲ್ಲ, ಹೊಂದಿಕೆ ಎಲ್ಲ ಕಡೆಯೂ ಪಕ್ಕಾ ಕೂರುವುದಿಲ್ಲ. ಆದರೂ ಪದಗಳ ನಡುವಿನ ವ್ಯತ್ಯಾಸ ಹಿಡಿಯಲು ಇದಕ್ಕಿಂತ ಒಳ್ಳೆಯ ಸಲಕರಣೆಯನ್ನು ನಾನು ಕಂಡಿಲ್ಲ.

ಒಂದೇ ಅರ್ಥಕ್ಕೆ ಇಷ್ಟೊಂದು ಪದ ಏಕೆ

ಕನ್ನಡದಲ್ಲಿ ‘ಕೊರತೆ’ ದೇಸಿ ಪದ. ‘ಅಭಾವ’, ‘ನ್ಯೂನತೆ’ ಸಂಸ್ಕೃತದಿಂದ ಬಂದವು. ‘ಗೈರುಹಾಜರಿ’, ‘ಬೇಜವಾಬ್ದಾರಿ’, ‘ನಾಲಾಯಕ್ಕು’ ಎಂಬಲ್ಲಿನ ಗೈರು, ಬೇ, ನಾ ಎಂಬ ನಿಷೇಧದ ತುಣುಕುಗಳು ಅರಬ್ಬಿ, ಪಾರಸಿಗಳಿಂದ ಆಡಳಿತದ ದಾರಿಯಲ್ಲಿ ಬಂದವು. ಮನೆಯಲ್ಲಿ ‘ಅಕ್ಕಿ ಇಲ್ಲ’ ಎನ್ನುತ್ತೇವೆ, ಪತ್ರಿಕೆಯಲ್ಲಿ ‘ಅಕ್ಕಿಯ ಅಭಾವ’ ಎಂದು ಬರೆಯುತ್ತೇವೆ. ಮಾತಿನ ಮಜಲು ಬದಲಾದಂತೆ ಪದದ ಮೂಲವೂ ಬದಲಾಗುತ್ತದೆ.

ಇಂಗ್ಲಿಷಿನಲ್ಲಿ ಆದದ್ದೂ ಹೀಗೆಯೇ. ತಳದಲ್ಲಿ ಹಳೆಯ ಇಂಗ್ಲಿಷಿನ ಪದಗಳಿವೆ. ಅವುಗಳ ಜೊತೆಗೆ, ಉತ್ತರದಿಂದ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯಿಂದ ‘ವಾಂಟ್’ ಸೇರಿತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ನೆಲೆಯೂರಿ ‘ಡಿಫಾಲ್ಟ್’, ‘ಆಬ್ಸೆನ್ಸ್’, ‘ಸ್ಕೇರ್ಸಿಟಿ’ಗಳನ್ನು ಕೊಟ್ಟಿತು. ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್‌ನಿಂದ ‘ಡೆಫಿಷಿಯನ್ಸಿ’, ‘ಡೆಫಿಸಿಟ್’ ಬಂದವು. ‘ಡೆಫಿಸಿಟ್’ ಎಂಬುದು ಲ್ಯಾಟಿನ್‌ನಲ್ಲಿ ನಾಮಪದವೇ ಆಗಿರಲಿಲ್ಲ. ‘ಅದು ಕಡಿಮೆ ಬೀಳುತ್ತದೆ’ ಎಂಬ ಪೂರ್ಣ ಕ್ರಿಯಾಪದವಾಗಿತ್ತು. ಇಂದು ನಾವು ವಿತ್ತೀಯ ಕೊರತೆ ಎನ್ನುವ ‘ಫಿಸ್ಕಲ್ ಡೆಫಿಸಿಟ್’ನಲ್ಲಿ ಆ ಕ್ರಿಯಾಪದ ನಾಮಪದವಾಗಿ ಕುಳಿತಿದೆ.

ಶಿಷ್ಟ ಬರಹ ನಾಮಪದಗಳನ್ನು ಇಷ್ಟಪಡುವುದಕ್ಕೆ ಇನ್ನೊಂದು ಕಾರಣವೂ ಇದೆ. ‘ನೀವು ದಾಖಲೆ ಕೊಡಲಿಲ್ಲ’ ಎಂಬುದರಲ್ಲಿ ‘ನೀವು’ ಇದೆ. ‘ನಾನ್ ಸಬ್ಮಿಷನ್ ಆಫ್ ಡಾಕ್ಯುಮೆಂಟ್ಸ್’ ಎಂದಾಗ ಆ ‘ನೀವು’ ಮಾಯವಾಗಿ, ದಾಖಲೆ ಸಲ್ಲಿಕೆಯಾಗದಿರುವಿಕೆ ಎಂಬ ಒಂದು ಸ್ಥಿತಿ ಮಾತ್ರ ಉಳಿಯುತ್ತದೆ. ಇದು ಸೌಜನ್ಯವೂ ಹೌದು, ಕೆಲವೊಮ್ಮೆ ಮರೆಮಾಚುವಿಕೆಯೂ ಹೌದು. ‘ನಾನ್ ಅವೈಲಬಿಲಿಟಿ ಆಫ್ ಸ್ಟಾಫ್’ ಎಂಬಲ್ಲಿ ಸಿಬ್ಬಂದಿ ಇಲ್ಲ ಎಂಬುದು ತಿಳಿಯುತ್ತದೆ, ನೇಮಕ ಮಾಡಬೇಕಾದವರು ಯಾರು ಎಂಬುದು ತಿಳಿಯುವುದಿಲ್ಲ. ಇಂಥ ಬರಹ ಸಾಮಾನ್ಯರಿಗೆ ತೊಡಕಾಗುತ್ತದೆ ಎಂಬ ಅರಿವು ಇಂಗ್ಲಿಷ್ ನಾಡುಗಳಲ್ಲೂ ಇದೆ. ಅಮೆರಿಕ 2010ರಲ್ಲಿ ಸರ್ಕಾರಿ ಬರಹ ಸರಳವಾಗಿರಬೇಕೆಂದು ಕಾನೂನನ್ನೇ ಮಾಡಿತು.

ಪೂರ್ತಿ ಇಲ್ಲವೋ, ಸಾಲದೋ

‘ಆಬ್ಸೆನ್ಸ್’ ಎಂದರೆ ಪೂರ್ತಿ ಇಲ್ಲ. ಇರಬೇಕಾಗಿತ್ತೇ ಬೇಡವೇ ಎಂಬುದರ ಬಗ್ಗೆ ಆ ಪದ ಸುಮ್ಮನಿರುತ್ತದೆ. ‘ಲ್ಯಾಕ್’ ಎಂದರೆ ಬೇಕಾಗಿದ್ದು ಇಲ್ಲ, ಅಥವಾ ಬೇಕಾದಷ್ಟು ಇಲ್ಲ. ಒಂದು ಊರಿನಲ್ಲಿ ಸಾಂಕ್ರಾಮಿಕ ರೋಗವಿಲ್ಲದಿರುವುದನ್ನು ‘ಆಬ್ಸೆನ್ಸ್’ ಎನ್ನಬಹುದು, ‘ಲ್ಯಾಕ್’ ಎನ್ನಲಾಗದು. ರೋಗ ಯಾರಿಗೂ ಬೇಕಾಗಿರುವುದಿಲ್ಲ. ಕುಡಿಯುವ ನೀರಿಗೆ ‘ಲ್ಯಾಕ್’ ಸರಿಯಾದ ಪದ. ‘ಪಾಸಿಟಿ’ಯಲ್ಲಿ ಮಾತ್ರ ಸ್ವಲ್ಪ ಇದೆ ಎಂಬ ಅರ್ಥ ಅಡಗಿದೆ, ಏಕೆಂದರೆ ಅದರ ಲ್ಯಾಟಿನ್ ಮೂಲಕ್ಕೆ ‘ಕೆಲವೇ’ ಎಂದರ್ಥ. ಸರ್ಕಾರಿ ಕಡತಗಳಲ್ಲಿ ಮತ್ತೆ ಮತ್ತೆ ಬರುವ ‘ಪಾಸಿಟಿ ಆಫ್ ಫಂಡ್ಸ್’ ಎಂದರೆ ಖಜಾನೆ ಬರಿದಾಗಿದೆ ಎಂದಲ್ಲ, ಅನುದಾನ ಸಾಲುತ್ತಿಲ್ಲ ಎಂದು. ‘ಶಾರ್ಟೇಜ್’ ಎಂಬುದು ಲೆಕ್ಕದ ಮಾತು: ಬೇಕಾದದ್ದು ನೂರು, ಇರುವುದು ಎಪ್ಪತ್ತು.

‘ಡರ್ತ್’ ಎಂಬ ಪದದ ಕಥೆ ಕನ್ನಡಿಗರ ಮನಸ್ಸಿಗೆ ಹತ್ತಿರವಾದದ್ದು. ‘ಡಿಯರ್’ ಎಂದರೆ ಪ್ರೀತಿಯ ಎಂಬುದರ ಜೊತೆಗೆ ದುಬಾರಿ ಎಂದೂ ಅರ್ಥವಿದೆ. ಅದರಿಂದ ಹುಟ್ಟಿದ ‘ಡರ್ತ್’ ಮೊದಲಿಗೆ ಧಾನ್ಯ ತುಟ್ಟಿಯಾದ ಕಾಲವನ್ನು, ಅಂದರೆ ಬರಗಾಲವನ್ನು ಸೂಚಿಸುತ್ತಿತ್ತು. ಈಗ ‘ಡರ್ತ್ ಆಫ್ ಟೀಚರ್ಸ್’ ಎನ್ನುತ್ತಾರೆ. ನಾವೂ ‘ಒಳ್ಳೆಯ ಮೇಷ್ಟ್ರುಗಳಿಗೆ ಬರ ಬಂದಿದೆ’ ಎನ್ನುತ್ತೇವಲ್ಲ, ಅದೇ ರೂಪಕ ಎರಡು ಭಾಷೆಗಳಲ್ಲಿ ಬೇರೆ ಬೇರೆಯಾಗಿ ಬೆಳೆದಿದೆ.

ಬರದ ಮಾತು ಬಂದದ್ದರಿಂದ ಮಳೆಯ ಲೆಕ್ಕವನ್ನೇ ನೋಡೋಣ. ಕೊರತೆಯ ಪದಕ್ಕೆ ಅಂಕಿಯ ಗಡಿ ಹಾಕಿರುವ ಸ್ಪಷ್ಟ ಉದಾಹರಣೆ ಅದು. ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ನಕ್ಷೆಯಲ್ಲಿ ವಾಡಿಕೆ ಮಳೆಗಿಂತ ಶೇ 19ರಷ್ಟು ಕಡಿಮೆಯಾದರೂ ಅದು ‘ನಾರ್ಮಲ್’ ಎಂದೇ ಕರೆಸಿಕೊಳ್ಳುತ್ತದೆ. ಶೇ 20ರಿಂದ 59ರವರೆಗೆ ಕಡಿಮೆಯಾದರೆ ‘ಡೆಫಿಷಿಯೆಂಟ್’, ಶೇ 60ರಿಂದ 99ರವರೆಗೆ ಕಡಿಮೆಯಾದರೆ ‘ಲಾರ್ಜ್ ಡೆಫಿಷಿಯೆಂಟ್’. ಹನಿಯೂ ಬೀಳದಿದ್ದರೆ ಮಾತ್ರ ‘ನೋ ರೇನ್’. ಹೀಗಾಗಿ ‘ಡೆಫಿಷಿಯೆಂಟ್’ ಎಂಬ ಪದ ಕಂಡ ಕೂಡಲೇ ಮಳೆಯೇ ಬಂದಿಲ್ಲ ಎಂದುಕೊಳ್ಳುವಂತಿಲ್ಲ; ವಾಡಿಕೆಯ ಮುಕ್ಕಾಲು ಭಾಗ ಬಂದಿದ್ದರೂ ಆ ಪದವೇ ಬರುತ್ತದೆ. 2016ರಲ್ಲಿ ಇಲಾಖೆ ದೇಶದ ಒಟ್ಟು ಮುಂಗಾರಿನ ಬಗ್ಗೆ ಹೇಳುವಾಗ ‘ಡ್ರಾಟ್’, ಅಂದರೆ ಬರ, ಎಂಬ ಪದವನ್ನೇ ಕೈಬಿಟ್ಟು ‘ಡೆಫಿಷಿಯೆಂಟ್ ಇಯರ್’ ಎಂಬ ಮಾತನ್ನು ತಂದಿತು. ಬರ ಘೋಷಿಸುವುದು ರಾಜ್ಯ ಸರ್ಕಾರಗಳ ಕೆಲಸ, ಏಕೆಂದರೆ ಆ ಪದದ ಹಿಂದೆ ಬೆಳೆನಷ್ಟ, ಪರಿಹಾರ, ಹೊಣೆಗಾರಿಕೆ ಎಲ್ಲವೂ ಬರುತ್ತವೆ. ಮಳೆ ಕಡಿಮೆಯಾಯಿತು ಎಂಬ ಅಳತೆಯ ಮಾತಿಗೂ ಬರ ಬಂತು ಎಂಬ ಬದುಕಿನ ಮಾತಿಗೂ ನಡುವೆ ಇರುವ ದೂರವನ್ನು ಈ ಎರಡು ಪದಗಳು ತೋರಿಸುತ್ತವೆ.

‘ವಾಂಟ್’ ಎಂದರೆ ಬೇಕು ಎಂದಲ್ಲವೇ?

ಕನ್ನಡಿಗರನ್ನು ಅತಿ ಹೆಚ್ಚು ದಾರಿತಪ್ಪಿಸುವ ಪದ ಇದು. ‘ವಾಂಟ್’ ಎಂದರೆ ಬೇಕು ಎಂದು ಮೂರನೆಯ ತರಗತಿಯಲ್ಲೇ ಕಲಿತಿರುತ್ತೇವೆ. ಆದರೆ ಅದರ ನಾರ್ಸ್ ಮೂಲಕ್ಕೆ ಇಲ್ಲದಿರು, ಕೊರತೆಯಾಗು ಎಂದೇ ಅರ್ಥ. ಇಲ್ಲದ್ದು ಬೇಕೆನಿಸುತ್ತದೆ, ಆ ಸಹಜ ದಾರಿಯಲ್ಲಿ ಕೊರತೆಯ ಪದ ಬಯಕೆಯ ಪದವಾಗಿ ಹೊರಳಿತು. ಆಡುಮಾತು ಹೊಸ ಅರ್ಥವನ್ನು ಹಿಡಿಯಿತು, ಶಿಷ್ಟ ಬರಹ ಹಳೆಯದನ್ನು ಬಿಡಲಿಲ್ಲ.

1611ರ ಇಂಗ್ಲಿಷ್ ಬೈಬಲಿನಲ್ಲಿ 23ನೆಯ ಕೀರ್ತನೆ ‘ಐ ಶಲ್ ನಾಟ್ ವಾಂಟ್’ ಎನ್ನುತ್ತದೆ. ನನಗೆ ಬೇಡ ಎಂದು ಅದರ ಅರ್ಥವಲ್ಲ, ನನಗೆ ಯಾವ ಕೊರತೆಯೂ ಆಗದು ಎಂದು. ಕನ್ನಡ ಅನುವಾದ ‘ಕೊರತೆಪಡೆನು’ ಎಂದು ಸರಿಯಾಗಿ ಹಿಡಿದಿದೆ. ಆ ಕನ್ನಡ ರೂಪವನ್ನು ಒಂದು ಕ್ಷಣ ಗಮನಿಸಬೇಕು. ‘ಪಡೆನು’ ಎಂಬಲ್ಲಿ ‘ಇಲ್ಲ’ ಎಂಬ ಪದವೂ ಇಲ್ಲ, ಕಾಲಸೂಚಕ ಪ್ರತ್ಯಯವೂ ಇಲ್ಲ. ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯ ಹತ್ತಿದರೆ ಕನ್ನಡದಲ್ಲಿ ಅದೇ ನಿಷೇಧ: ಅರಿಯೆನು, ಮಾಡೆನು, ಬಾರನು. ಪ್ರತ್ಯಯದ ಅಭಾವದಿಂದಲೇ ಅಭಾವವನ್ನು ಹೇಳುವ ಇಂಥ ಸೊಗಸು ಇಂಗ್ಲಿಷಿಗೆ ದಕ್ಕಿಲ್ಲ.

1941ರ ಜನವರಿ 6ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕು ಸ್ವಾತಂತ್ರ್ಯಗಳ ಬಗ್ಗೆ ಮಾಡಿದ ಭಾಷಣದಲ್ಲಿ ‘ಫ್ರೀಡಂ ಫ್ರಂ ವಾಂಟ್’ ಒಂದಾಗಿತ್ತು. ಮರುವರ್ಷ ಬ್ರಿಟನ್ನಿನ ಬೆವರಿಜ್ ವರದಿ ಸಮಾಜದ ಐದು ದೈತ್ಯ ಶತ್ರುಗಳನ್ನು ಹೆಸರಿಸಿದಾಗ ಅವುಗಳಲ್ಲೂ ‘ವಾಂಟ್’ ಇತ್ತು. ಎರಡರಲ್ಲೂ ಅದು ಬಡತನ, ಇಲ್ಲದಿಕೆ. ಬಯಕೆಯಿಂದ ಬಿಡುಗಡೆ ಎಂದು ಅನುವಾದಿಸಿದರೆ ಅರ್ಥಶಾಸ್ತ್ರದ ಮಾತು ಅಧ್ಯಾತ್ಮದ ಮಾತಾಗಿಬಿಡುತ್ತದೆ.

ಇಂದಿನ ಕಾಗದಗಳಲ್ಲಿ ‘ಫಾರ್ ವಾಂಟ್ ಆಫ್ ಎವಿಡೆನ್ಸ್’ ಎಂದರೆ ಸಾಕ್ಷ್ಯವಿಲ್ಲದ ಕಾರಣ. ‘ಫೌಂಡ್ ವಾಂಟಿಂಗ್’ ಎಂದರೆ ಪರೀಕ್ಷಿಸಿ ನೋಡಿದಾಗ ಮಟ್ಟಕ್ಕೆ ಸಾಲಲಿಲ್ಲ. ‘ಡಾಕ್ಯುಮೆಂಟ್ಸ್ ವಾಂಟಿಂಗ್’ ಎಂದಿದ್ದರೆ ಇರಬೇಕಾದ ದಾಖಲೆ ಕಡತದಲ್ಲಿಲ್ಲ.

ವಜಾ ಒಂದೇ, ಕಾರಣ ಮೂರು

ಪದದ ವ್ಯತ್ಯಾಸ ಜೀವನದ ಮೇಲೆ ನೇರ ಪರಿಣಾಮ ಬೀರುವುದು ನ್ಯಾಯಾಲಯದಲ್ಲಿ. ದಾವೆ ವಜಾ ಆಯಿತು ಎಂಬ ಸುದ್ದಿ ಮನೆಗೆ ಒಂದೇ ರೀತಿ ಕೇಳಿಸುತ್ತದೆ. ಆದರೆ ಆದೇಶದಲ್ಲಿ ಯಾವುದರ ಕೊರತೆ ಎಂದು ಬರೆದಿದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿರುತ್ತದೆ.

‘ಡಿವಾಯ್ಡ್ ಆಫ್ ಮೆರಿಟ್’ ಎಂದಿದ್ದರೆ ನ್ಯಾಯಾಧೀಶರು ವಾದವನ್ನು ಪರಿಶೀಲಿಸಿ ಅದರಲ್ಲಿ ಹುರುಳಿಲ್ಲ ಎಂದು ತೀರ್ಮಾನಿಸಿದ್ದಾರೆ. ಹುರುಳಿಲ್ಲ ಎಂಬ ನಮ್ಮ ಪತ್ರಿಕೆಗಳ ಮಾತು ಇದಕ್ಕೆ ತಕ್ಕ ಕನ್ನಡ. ಹೀಗೆ ತೀರ್ಮಾನವಾದದ್ದನ್ನು ಅದೇ ಕಕ್ಷಿಗಳ ನಡುವೆ ಮತ್ತೆ ಹೊಸ ದಾವೆಯಾಗಿ ತರಲು ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 11ನೇ ಕಲಂ ಬಿಡುವುದಿಲ್ಲ. ಸಾಮಾನ್ಯವಾಗಿ ಮೇಲ್ಮನವಿಯೇ ದಾರಿ.

‘ಡಿಸ್ಮಿಸ್ಡ್ ಫಾರ್ ಡಿಫಾಲ್ಟ್’ ಎಂಬುದು ಬೇರೆಯೇ. ಇಲ್ಲಿ ಇಲ್ಲದಿದ್ದದ್ದು ಹುರುಳಲ್ಲ, ಹಾಜರಾತಿ. ವಿಚಾರಣೆಯ ದಿನ ವಾದಿಯೂ ಬರಲಿಲ್ಲ, ಅವರ ಪರ ವಕೀಲರೂ ಬರಲಿಲ್ಲ ಎಂದಾಗ ಸಂಹಿತೆಯ 9ನೇ ಆದೇಶದ ಪ್ರಕಾರ ದಾವೆ ವಜಾ ಆಗುತ್ತದೆ. ಸತ್ಯಾಸತ್ಯತೆಯನ್ನು ಯಾರೂ ತೂಗಿ ನೋಡಿರುವುದಿಲ್ಲ. ಗೈರುಹಾಜರಿಗೆ ತಕ್ಕ ಕಾರಣ ತೋರಿಸಿ ದಾವೆಯನ್ನು ಪುನರ್‌ಸ್ಥಾಪಿಸಿ ಎಂದು ಅದೇ ನ್ಯಾಯಾಲಯವನ್ನು ಕೇಳಬಹುದು. ಕಾಲಮಿತಿ ಕಾಯಿದೆ, 1963 ಅದಕ್ಕೆ 30 ದಿನಗಳನ್ನು ಕೊಡುತ್ತದೆ. ‘ಡಿಫಾಲ್ಟ್’ ಎಂಬ ಪದವನ್ನು ಸೋಲು ಎಂದು ಓದಿಕೊಂಡು ಕೈಚೆಲ್ಲಿ ಕುಳಿತರೆ ಈ 30 ದಿನಗಳು ಕಳೆದುಹೋಗುತ್ತವೆ. ಈ ಲೇಖನದಲ್ಲಿ ಒಂದೇ ಒಂದು ಪದವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಮೂರನೆಯದು ‘ವಾಂಟ್ ಆಫ್ ಜ್ಯೂರಿಸ್ಡಿಕ್ಷನ್’. ಕೊರತೆ ಇರುವುದು ನಿಮ್ಮಲ್ಲಿ ಅಲ್ಲ, ಆ ವಿಷಯವನ್ನು ಕೇಳುವ ಅಧಿಕಾರವ್ಯಾಪ್ತಿ ಆ ನ್ಯಾಯಾಲಯಕ್ಕಿಲ್ಲ. ಸರಿಯಾದ ನ್ಯಾಯಾಲಯದಲ್ಲಿ ಹಾಕಿಕೊಳ್ಳಲು ವಾದಪತ್ರವನ್ನು ಹಿಂದಿರುಗಿಸುವ ಏರ್ಪಾಡು ಸಂಹಿತೆಯ 7ನೇ ಆದೇಶದಲ್ಲಿದೆ.

ಗ್ರಾಹಕರ ವ್ಯಾಜ್ಯಗಳಲ್ಲಿ ಬರುವ ‘ಡೆಫಿಷಿಯನ್ಸಿ’ಗೂ ಕಾನೂನು ಅರ್ಥ ಕಟ್ಟಿಕೊಟ್ಟಿದೆ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ 2ನೇ ಕಲಮಿನ 11ನೇ ಉಪಕಲಮಿನ ಪ್ರಕಾರ, ನಡೆಸಿಕೊಡಬೇಕಾದ ಸೇವೆಯ ಗುಣಮಟ್ಟದಲ್ಲೋ ಸ್ವರೂಪದಲ್ಲೋ ವಿಧಾನದಲ್ಲೋ ಇರುವ ದೋಷ, ಅಪೂರ್ಣತೆ, ಕುಂದು, ಅಸಮರ್ಪಕತೆ ಎಲ್ಲವೂ ಅದರೊಳಗೆ ಬರುತ್ತವೆ. ಕನ್ನಡದಲ್ಲಿ ಅದನ್ನು ಸೇವಾ ನ್ಯೂನತೆ ಎನ್ನುತ್ತಾರೆ. ಸೇವೆಯೇ ಸಿಗದಿದ್ದರೆ ಮಾತ್ರ ದೂರು ಕೊಡಬಹುದು ಎಂಬುದು ತಪ್ಪು. ಸಿಕ್ಕ ಸೇವೆ ಇರಬೇಕಾದ ಮಟ್ಟಕ್ಕಿಂತ ಕೆಳಗಿದ್ದರೂ ಅದು ನ್ಯೂನತೆಯೇ.

ನೋಟಿಸುಗಳ ಕೊನೆಯಲ್ಲಿ ಬರುವ ‘ಫೇಲಿಂಗ್ ವಿಚ್’ ಎಂಬುದಕ್ಕೆ ನಮ್ಮ ಸರ್ಕಾರಿ ಕನ್ನಡದ ‘ತಪ್ಪಿದಲ್ಲಿ’ ಸಮಾನ. ಅದರ ಹಿಂದೆ ಗಡುವು, ಮುಂದೆ ಪರಿಣಾಮ ಇರುತ್ತದೆ, ಎರಡನ್ನೂ ಓದಬೇಕು. ವಿಧಾನಸಭೆಯ ಸುದ್ದಿಯಲ್ಲಿ ಬರುವ ‘ಸೈನಿ ಡೈ’ ಲ್ಯಾಟಿನ್ ಮಾತು: ದಿನವಿಲ್ಲದೆ, ಅಂದರೆ ಮತ್ತೆ ಸೇರುವ ದಿನವನ್ನು ಗೊತ್ತುಮಾಡದೆ ಮುಂದೂಡಿದ್ದಾರೆ ಎಂದು.

ವೈದ್ಯಕೀಯ ವರದಿಯ ಗ್ರೀಕ್

ವೈದ್ಯಕೀಯ ಇಂಗ್ಲಿಷ್ ಕೊರತೆಯನ್ನು ಪದದ ತಲೆಗೋ ಬಾಲಕ್ಕೋ ಕಟ್ಟುತ್ತದೆ. ತಲೆಯ ಕಡೆ ‘ಅ’, ‘ಅನ್’ ಬಂದರೆ ಇಲ್ಲ ಎಂದು. ಇದು ಗ್ರೀಕಿನದಾದರೂ ಸಂಸ್ಕೃತದ ಅ, ಅನ್‌ಗಳ ಒಡಹುಟ್ಟು. ಎರಡೂ ಒಂದೇ ಇಂಡೋ ಯುರೋಪಿಯನ್ ಮೂಲದಿಂದ ಬಂದವು. ಅಶಕ್ತಿ, ಅನಾರೋಗ್ಯ ಎಂಬ ಪದಗಳನ್ನು ಬಲ್ಲವರಿಗೆ ‘ಎಸಿಂಪ್ಟಮ್ಯಾಟಿಕ್’ ಎಂದರೆ ಲಕ್ಷಣಗಳಿಲ್ಲದ ಎಂಬುದು ಹೊಸದೇನಲ್ಲ. ‘ಅನೀಮಿಯ’ದ ಅಕ್ಷರಶಃ ಅರ್ಥ ರಕ್ತವಿಲ್ಲದಿರುವಿಕೆ, ನಿಜದಲ್ಲಿ ಅದು ಹಿಮೋಗ್ಲೋಬಿನ್ ಕಡಿಮೆಯಿರುವುದು. ನಮ್ಮ ‘ರಕ್ತಹೀನತೆ’ಯೂ ಇದೇ ಅತಿಶಯೋಕ್ತಿಯನ್ನು ಉಳಿಸಿಕೊಂಡಿದೆ. ‘ಹೈಪೊ’ ಎಂದರೆ ಕೆಳಗೆ, ಮಟ್ಟಕ್ಕಿಂತ ಕಡಿಮೆ.

ಬಾಲದಲ್ಲಿ ಬರುವ ‘ಪೀನಿಯ’ ಡೆಂಗಿ ಜ್ವರದ ಕಾಲದಲ್ಲಿ ಬಹಳ ಮನೆಗಳನ್ನು ಹೆದರಿಸುತ್ತದೆ. ಗ್ರೀಕಿನಲ್ಲಿ ಅದರ ಅರ್ಥ ಬಡತನ. ‘ಥ್ರಾಂಬೊಸೈಟೊಪೀನಿಯ’ ಎಂದರೆ ಪ್ಲೇಟ್‌ಲೆಟ್‌ಗಳ ಬಡತನ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಇರಬೇಕಾದದ್ದು 1.5 ಲಕ್ಷಕ್ಕಿಂತ ಕೆಳಗಿಳಿದರೆ ಈ ಪದ ವರದಿಯಲ್ಲಿ ಬರುತ್ತದೆ. 1.4 ಲಕ್ಷಕ್ಕೂ ಅದೇ ಪದ, 14 ಸಾವಿರಕ್ಕೂ ಅದೇ ಪದ. ಹಾಗಾಗಿ ಇಲ್ಲಿ ಪದಕ್ಕಿಂತ ಅಂಕಿಯನ್ನು ನೋಡಬೇಕು, ಅಂಕಿಯ ತೂಕವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಸ್ಕ್ಯಾನಿಂಗ್ ವರದಿಯಲ್ಲಿ ಯಕೃತ್ತು ‘ಅನ್‌ರಿಮಾರ್ಕಬಲ್’ ಎಂದಿದ್ದರೆ ಅದು ಸಂತಸದ ಸುದ್ದಿ: ಎತ್ತಿ ಹೇಳುವಂಥ ದೋಷ ಕಾಣಲಿಲ್ಲ. ‘ನೋ ಎವಿಡೆನ್ಸ್ ಆಫ್’ ಎಂಬುದು ಮಾತ್ರ ಹೆಚ್ಚು ಎಚ್ಚರದ ಮಾತು. ರೋಗವಿಲ್ಲ ಎಂದು ಅದು ಹೇಳುವುದಿಲ್ಲ. ಈ ಪರೀಕ್ಷೆಯಲ್ಲಿ ರೋಗದ ಕುರುಹು ಸಿಗಲಿಲ್ಲ ಎನ್ನುತ್ತದೆ. ಮೀಮಾಂಸಾ ದರ್ಶನದ ಭಾಟ್ಟ ಪರಂಪರೆ ಇದನ್ನು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಪ್ರಮಾಣವಾಗಿ, ಅರಿವಿನ ಒಂದು ಸಾಧನವಾಗಿ ಚರ್ಚಿಸಿದೆ. ಗಡಿಗೆ ಕಾಣುತ್ತಿಲ್ಲ ಎಂಬುದರಿಂದ ಗಡಿಗೆ ಇಲ್ಲ ಎಂದು ತಿಳಿಯಬಹುದು, ಆದರೆ ಯಾವಾಗ? ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಷ್ಟು ಬೆಳಕು ಇದ್ದಾಗ ಮಾತ್ರ. ಕತ್ತಲ ಕೋಣೆಯಲ್ಲಿ ಕಾಣಲಿಲ್ಲ ಎಂಬುದು ಇಲ್ಲವೆನ್ನಲು ಆಧಾರವಾಗದು. ಕುಡಿಯುವ ನೀರಿನ ಪರೀಕ್ಷೆಯಲ್ಲಿ ‘ಬಿಲೋ ಡಿಟೆಕ್ಷನ್ ಲಿಮಿಟ್’ ಎಂದು ಬರೆದಾಗಲೂ ಉಪಕರಣದ ಕಣ್ಣಿಗೆ ಬೀಳುವಷ್ಟು ಇಲ್ಲ ಎಂದೇ ಅರ್ಥ.

‘ಲೆಸ್’, ‘ಫ್ರೀ’ ಮತ್ತು ಬೆಲೆಯ ಗೊಂದಲ

‘ಹೋಮ್‌ಲೆಸ್’, ‘ಚೈಲ್ಡ್‌ಲೆಸ್’ಗಳ ಕೊನೆಯ ‘ಲೆಸ್’ಗೂ ಕಡಿಮೆ ಎಂಬ ಅರ್ಥದ ‘ಲೆಸ್’ಗೂ ಸಂಬಂಧವಿಲ್ಲ, ಇದು ‘ಸಡಿಲ’ ಎಂಬರ್ಥದ ‘ಲೂಸ್’ ಪದದ ನಂಟು. ಇರಬೇಕಾದದ್ದು ಇಲ್ಲ ಎಂಬಲ್ಲಿ ‘ಲೆಸ್’, ಇಲ್ಲದಿರುವುದೇ ಒಳ್ಳೆಯದು ಎಂಬಲ್ಲಿ ‘ಫ್ರೀ’ ಬರುವುದು ವಾಡಿಕೆ. ಮಕ್ಕಳಿಲ್ಲವೆಂಬ ಕೊರಗಿಗೆ ‘ಚೈಲ್ಡ್‌ಲೆಸ್’, ಮಕ್ಕಳು ಬೇಡವೆಂಬ ಆಯ್ಕೆಗೆ ‘ಚೈಲ್ಡ್‌ಫ್ರೀ’. ನಾವು ಸತ್ವಹೀನ, ಸಾಲಮುಕ್ತ ಎಂದು ಇದೇ ಭೇದವನ್ನು ಮಾಡುತ್ತೇವೆ. ಎರಡರ ನಡುವೆ ತೂಕ ತಪ್ಪದ ‘ರಹಿತ’ವೂ ನಮಗಿದೆ, ಅದಕ್ಕೇ ಸರ್ಕಾರಿ ಕನ್ನಡ ವಸತಿರಹಿತ, ಭೂರಹಿತ ಎಂದು ಬರೆಯುತ್ತದೆ.

‘ಪ್ರೈಸ್‌ಲೆಸ್’ ಮತ್ತು ‘ಇನ್‌ವ್ಯಾಲ್ಯುಯಬಲ್’ ಬೆಲೆಯಿಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದ್ದು ಎಂದು. ಅಮೂಲ್ಯ ಎಂಬ ಪದವನ್ನು ನೆನೆದರೆ ಗೊಂದಲವಾಗದು. ಬೆಲೆಯಿಲ್ಲದ್ದಕ್ಕೆ ‘ವರ್ತ್‌ಲೆಸ್’ ಇದೆ.

ಬರೆಯುವಾಗ ಎಡವುವ ಎರಡು ಜಾಗ

ಕನ್ನಡದಲ್ಲಿ ‘ಅವನಿಗೆ ಧೈರ್ಯದ ಕೊರತೆ ಇದೆ’ ಎನ್ನುತ್ತೇವೆ. ಆ ‘ಧೈರ್ಯದ’ ಎಂಬ ಷಷ್ಠಿಯ ಜಾಡು ಹಿಡಿದು ‘ಹಿ ಲ್ಯಾಕ್ಸ್ ಆಫ್ ಕರೇಜ್’ ಎಂದು ಬರೆದುಬಿಡುತ್ತೇವೆ. ‘ಲ್ಯಾಕ್’ ಕ್ರಿಯಾಪದವಾದಾಗ ‘ಆಫ್’ ಬೇಡ: ‘ಹಿ ಲ್ಯಾಕ್ಸ್ ಕರೇಜ್’. ನಾಮಪದವಾದಾಗ ಬೇಕು: ‘ಲ್ಯಾಕ್ ಆಫ್ ಕರೇಜ್’. ‘ಲ್ಯಾಕಿಂಗ್’ ಗುಣವಾಚಕವಾದಾಗ ಜೊತೆಗೆ ‘ಇನ್’ ಬರುತ್ತದೆ.

ಎರಡನೆಯದು ಒಂದೇ ಅಕ್ಷರದ ‘ಎ’. ‘ದೇರ್ ಈಸ್ ಎ ಲಿಟ್ಲ್ ಎವಿಡೆನ್ಸ್’ ಎಂದರೆ ಅಲ್ಪಸ್ವಲ್ಪ ಸಾಕ್ಷ್ಯವಿದೆ. ಆ ‘ಎ’ಯನ್ನು ತೆಗೆದು ‘ದೇರ್ ಈಸ್ ಲಿಟ್ಲ್ ಎವಿಡೆನ್ಸ್’ ಎಂದರೆ ಸಾಕ್ಷ್ಯ ಇಲ್ಲವೆನ್ನುವಷ್ಟು ಕಡಿಮೆ. ‘ಫ್ಯೂ’ ಮತ್ತು ‘ಎ ಫ್ಯೂ’ಗಳದ್ದೂ ಇದೇ ಲೆಕ್ಕ. ಶಿಷ್ಟ ಇಂಗ್ಲಿಷ್ ನಯವಾಗಿ ನಿರಾಕರಿಸುವಾಗ ಈ ‘ಎ’ ಇಲ್ಲದ ರೂಪವನ್ನೇ ಹೆಚ್ಚು ನೆಚ್ಚಿಕೊಳ್ಳುತ್ತದೆ.

‘ನಿಲ್’ ಎಂಬ ಉತ್ತರ

ಅರ್ಜಿ ನಮೂನೆಗಳಲ್ಲಿ ಖಾಲಿ ಬಿಡುವುದು, ‘ನಿಲ್’ ಎಂದು ಬರೆಯುವುದು, ‘ಎನ್‌ಎ’ ಎಂದು ಬರೆಯುವುದು ಮೂರೂ ಬೇರೆ. ಇತರ ಆದಾಯವೆಷ್ಟು ಎಂಬಲ್ಲಿ ‘ನಿಲ್’ ಎಂದರೆ ಪ್ರಶ್ನೆ ನನಗೆ ಅನ್ವಯಿಸುತ್ತದೆ, ಉತ್ತರ ಸೊನ್ನೆ. ಅವಿವಾಹಿತರು ಸಂಗಾತಿಯ ಹೆಸರಿನ ಮುಂದೆ ‘ಎನ್‌ಎ’ ಎಂದು ಬರೆದರೆ ಪ್ರಶ್ನೆಯೇ ಅನ್ವಯಿಸದು ಎಂದು. ಅಂಕಿಅಂಶಗಳ ಕೋಷ್ಟಕದಲ್ಲಿ ಅದೇ ಅಕ್ಷರಗಳಿಗೆ ಮಾಹಿತಿ ಲಭ್ಯವಿಲ್ಲ ಎಂಬ ಅರ್ಥವೂ ಇರಬಹುದು. ಖಾಲಿ ಬಿಟ್ಟರೆ ಮರೆತರೋ ಮುಚ್ಚಿಟ್ಟರೋ ಎಂಬ ಅನುಮಾನ ಉಳಿಯುತ್ತದೆ.

ನಿವೇಶನ ಕೊಳ್ಳುವವರೆಲ್ಲ ಉಪನೋಂದಣಾಧಿಕಾರಿಗಳ ಕಚೇರಿಯಿಂದ ತೆಗೆಸುವ ಋಣಭಾರ ಪ್ರಮಾಣಪತ್ರದಲ್ಲಿ ಈ ‘ನಿಲ್’ ತನ್ನ ಪೂರ್ಣ ತೂಕದೊಂದಿಗೆ ಬರುತ್ತದೆ. ಕರ್ನಾಟಕದಲ್ಲಿ ಆಸ್ತಿಯ ಮೇಲೆ ನೋಂದಾಯಿತ ವಹಿವಾಟುಗಳಿದ್ದರೆ ಅವುಗಳ ಪಟ್ಟಿಯನ್ನು ನಮೂನೆ 15ರಲ್ಲಿ ಕೊಡುತ್ತಾರೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ‘ನಿಲ್’ ಎಂದು ಕೊಡುತ್ತಾರೆ. ಅದನ್ನು ಕೈಯಲ್ಲಿ ಹಿಡಿದು ಆಸ್ತಿ ಶುದ್ಧವಾಗಿದೆ ಎಂದು ನಿಟ್ಟುಸಿರು ಬಿಡುವ ಮುನ್ನ, ಅರ್ಜಿಯಲ್ಲಿ ಕೇಳಿದ್ದು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ನೋಡಬೇಕು. ಆ ಅವಧಿಯ ಆಚೆ ಏನಿದೆಯೋ ಆ ಪತ್ರ ಹೇಳುವುದಿಲ್ಲ. ನೋಂದಣಿಯಾಗದ ಕರಾರುಗಳು ಆ ಪುಸ್ತಕದಲ್ಲಿ ಇರುವುದೇ ಇಲ್ಲ. ಆಸ್ತಿಯ ಚೆಕ್ಕುಬಂದಿ ಅಥವಾ ಸರ್ವೆ ನಂಬರನ್ನು ತಪ್ಪಾಗಿ ಕೊಟ್ಟು ಹುಡುಕಿಸಿದ್ದರೂ ಉತ್ತರ ‘ನಿಲ್’ ಎಂದೇ ಬರಬಹುದು.